ಅರ್ಧ ಗೇಣಿನ ರಾಕೆಟ್ಟಿಗೊಂದಿಷ್ಟು ಕಿವಿಮಾತು

ಪುಟ್ಟಿ,

ಅಂಗಡಿಯಲ್ಲಿದ್ದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನೆಲ್ಲ ಬಿಟ್ಟು ನೀನು ಹತ್ತು ಸೆಂಟಿಮೀಟರ್ ಉದ್ದದ ‘ಮಸ್ಕೀಟೊ’ ಮಾದರಿ ರಾಕೆಟ್ ಆರಿಸಿಕೊಂಡೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ತುಂಬ ಸಂತೋಷವಾಯಿತು. ದೊಡ್ಡ ರಾಕೆಟ್ ಸಣ್ಣಪುಟ್ಟ ಊನಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಹೇಗೋ ಹಾರಿಬಿಡುತ್ತದೆ. ಅರ್ಧ ಗೇಣಿನದು ಹಾಗಲ್ಲ. ಅಂಟು ನಾಲ್ಕು ಹನಿ ಹೆಚ್ಚಾದರೂ, ರೆಕ್ಕೆ ಕೂದಲೆಳೆಯಷ್ಟು ವಾಲಿದರೂ ಹಾರುವಾಗ ಎದ್ದು ಕಾಣುತ್ತದೆ. ಆದ್ದರಿಂದಲೇ ಕಲಿಯುವವರಿಗೆ ಅದು ಒಳ್ಳೆಯದು. ಈ ಕೊಲರಾಡೊದ ಬಯಲುಗಳಲ್ಲಿ ನಿಮ್ಮಮ್ಮ ಚಿಕ್ಕವಳಿದ್ದಾಗ ಅವಳ ಜೊತೆ ರಾಕೆಟ್ ಹಾರಿಸುತ್ತ ತಿಳಿದುಕೊಂಡದ್ದನ್ನು ನೆನಪಾದಂತೆ ಬರೆದಿದ್ದೇನೆ. ಯಾವುದನ್ನು ಬೇಕಾದರೂ ಮುಂದೆ ಹಿಂದೆ ಓದಿಕೋ, ಆದರೆ ಮೊದಲನೆಯದನ್ನು ಮೊದಲೇ ಓದು.

• ಮೋಟರನ್ನು ಕೊಂಡುಕೊಳ್ಳಬೇಕು, ಮಾಡಬಾರದು. ಬೆಂಕಿಕಡ್ಡಿಯ ಮದ್ದು ಕೆರೆಯುವುದಾಗಲಿ, ಪಟಾಕಿ ಬಿಚ್ಚುವುದಾಗಲಿ, ಇಂಟರ್‌ನೆಟ್ಟಿನಲ್ಲಿ ನೋಡಿ ಪುಡಿ ಬೆರೆಸುವುದಾಗಲಿ ಬೇಡವೇ ಬೇಡ. 1957ರಲ್ಲಿ ರಷ್ಯಾದವರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಹುಡುಗರಿಗೆಲ್ಲ ರಾಕೆಟ್ಟಿನ ಹುಚ್ಚು ಹಿಡಿಯಿತು. ಕಬ್ಬಿಣದ ಪೈಪಿಗೆ ಮದ್ದು ತುಂಬಿ ಬೆರಳು, ಕಣ್ಣು ಕಳೆದುಕೊಂಡವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಅದಕ್ಕೆ ಪರಿಹಾರ ಅಷ್ಟರಲ್ಲಾಗಲೇ ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಿನ ಚಪ್ಪಲಿ ಅಂಗಡಿಯೊಂದರಲ್ಲಿ ಸಿದ್ಧವಾಗಿತ್ತು. ಅಂಗಡಿಯ ಯಜಮಾನ ಆರ್ವಿಲ್ ಕಾರ್ಲೈಲ್ ಬಾಣಬಿರುಸಿನ ಕೆಲಸ ಬಲ್ಲವನು, ಅವನ ಅಣ್ಣತಮ್ಮಂದಿರಲ್ಲೊಬ್ಬ ರಾಬರ್ಟ್ ಮಾದರಿ ವಿಮಾನ ಬಲ್ಲವನು. ಇಬ್ಬರೂ ಸೇರಿ 1954ರಲ್ಲಿ ಕಾಗದದ ಮೈ, ಬದಲಾಯಿಸಬಹುದಾದ ಮೋಟರು, ಇಳಿಯಲು ಪ್ಯಾರಾಚೂಟು ಇರುವ ರಾಕೆಟ್ ಮಾಡಿದ್ದರು. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ನೆಲೆಯಲ್ಲಿ ದುಡಿದಿದ್ದ ಹ್ಯಾರಿ ಸ್ಟೈನ್ ಎಂಬಾತ ಅದನ್ನು ಹತ್ತೂರಿಗೆ ಮುಟ್ಟಿಸಿದ. ವರ್ನನ್ ಎಸ್ಟಿಸ್ ಎಂಬಾತ ಕೈಯಲ್ಲಿ ಮದ್ದು ತುಂಬುವುದನ್ನು ತಪ್ಪಿಸಿ ಮೋಟರು ಒತ್ತುವ ಯಂತ್ರವನ್ನೇ 1958ರಲ್ಲಿ ಕಟ್ಟಿದ. ಆಮೇಲೆ ನಮ್ಮ ಕೊಲರಾಡೊದ ಪೆನ್‌ರೋಸ್‌ನಲ್ಲಿ ನೆಲೆ ನಿಂತ. ನಿನ್ನ ಮಸ್ಕೀಟೊ ಅವನು ಕಟ್ಟಿದ ಎಸ್ಟಿಸ್ ಕಂಪನಿಯದೇ. ಪುಟ್ಟಿ, ಬೇರೆ ಮಕ್ಕಳ ಬೆರಳುಗಳ ಬೆಲೆ ತೆತ್ತು ಬಂದ ನಿಯಮ ಇದು. ಉಳಿದದ್ದನ್ನೆಲ್ಲ ನಿನ್ನ ಕೈಯಿಂದಲೇ ಮಾಡು, ಮೋಟರೊಂದನ್ನು ಬಿಟ್ಟು.

• ಲೋಹ ಬೇಡ. ಮೈಗೆ ಕಾಗದದ ಕೊಳವೆ, ರೆಕ್ಕೆಗೆ ಬಾಲ್ಸಾ ಅಥವಾ ದಪ್ಪ ಕಾಗದ, ಮೂತಿಗೆ ಬಾಲ್ಸಾ ಇಲ್ಲವೇ ಹಗುರ ಪ್ಲಾಸ್ಟಿಕ್. ಮೋಟರು ಅಕಸ್ಮಾತ್ ಸಿಡಿದರೂ ಕಾಗದ ಹರಿಯುತ್ತದೆ, ಅಷ್ಟೆ. ಲೋಹವಾದರೆ ಚೂರುಗಳಾಗಿ ಹಾರುತ್ತದೆ.

• ಮೋಟರಿನ ಮೈಮೇಲಿನ ಬರಹ ಓದಲು ಕಲಿ. ‘½ಎ3-4ಟಿ’ ಎಂದಿದ್ದರೆ, ‘½ಎ’ ಎನ್ನುವುದು ಅದರಲ್ಲಿರುವ ಒಟ್ಟು ನೂಕುಬಲ: ಹೆಚ್ಚೆಂದರೆ 1.25 ನ್ಯೂಟನ್-ಸೆಕೆಂಡ್. ‘ಎ’ ಆದರೆ ಅದರ ಎರಡರಷ್ಟು, 2.5. ‘ಬಿ’ ಮತ್ತೆ ಎರಡರಷ್ಟು, 5. ಒಂದೊಂದು ಅಕ್ಷರ ಮುಂದೆ ಹೋದಾಗಲೂ ಮಿತಿ ಇಮ್ಮಡಿಯಾಗುತ್ತದೆ ಎಂಬುದನ್ನು ಮರೆಯಬೇಡ. ಅಕ್ಷರದ ಪಕ್ಕದ 3 ಸರಾಸರಿ ನೂಕು, ನ್ಯೂಟನ್ನಿನಲ್ಲಿ. ಗೆರೆಯ ಆಚೆಯ 4 ಎಂದರೆ, ಮದ್ದು ಉರಿದು ಮುಗಿದ ನಾಲ್ಕು ಸೆಕೆಂಡಿನ ಮೇಲೆ ಮೋಟರಿನ ಮುಂತುದಿಯಲ್ಲಿ ಸಣ್ಣ ಸಿಡಿತ ಆಗುತ್ತದೆ. ಕೊನೆಯ ‘ಟಿ’ ಇದ್ದರೆ ಅದು ಹದಿಮೂರು ಮಿಲಿಮೀಟರ್ ದಪ್ಪದ ಪುಟಾಣಿ ಮೋಟರು. ಮಸ್ಕೀಟೊಗೆ ಮೊದಲ ಸಲ ಈ ½ಎ3-4ಟಿ ಸಾಕು. ಎ10-3ಟಿ ಹಾಕಿದರೆ ಇನ್ನೂರು ಮೀಟರಿನ ಆಸುಪಾಸು ಏರಬಲ್ಲದು. ಅಷ್ಟೆತ್ತರದಲ್ಲಿ ನಿನ್ನ ಕಿರುಬೆರಳಿಗಿಂತ ತುಸು ದಪ್ಪದ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಮೊದಲ ಹಾರಾಟದಲ್ಲೇ ಕಳೆದುಕೊಂಡರೆ ಏನು ಸರಿಯಾಯಿತು, ಏನು ತಪ್ಪಾಯಿತು ಎಂದು ಗೊತ್ತಾಗುವುದು ಹೇಗೆ?

• ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಇಟ್ಟುಕೋ. ಈ ರಾಕೆಟ್ಟಿನ ಮೈ ಹತ್ತು ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಅದರೊಳಗೆ ಕೂರುವ ಮೋಟರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಅಂದಮೇಲೆ ಒಂದು ಗ್ರಾಂ ಬಣ್ಣ ಬಳಿದರೆ ಮೈಯ ತೂಕ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಏರಿತು. ಅಂಟಿಸುವ ಮೊದಲು, ಅಂಟು ಒಣಗಿದ ಮೇಲೆ, ಬಣ್ಣ ಒಣಗಿದ ಮೇಲೆ ಮೂರು ಬಾರಿಯೂ ತೂಗಿ ಬರೆದಿಡು. ಹಾಗೆಂದು ಎಷ್ಟು ಹಗುರವಾದರೆ ಅಷ್ಟು ಎತ್ತರ ಹೋಗುತ್ತದೆ ಎಂದುಕೊಳ್ಳಬೇಡ. ಈ ರಾಕೆಟ್ಟಿನ ಮದ್ದು ಒಂದು ಸೆಕೆಂಡಿನೊಳಗೇ ಮುಗಿದುಹೋಗುತ್ತದೆ. ಉಳಿದ ದಾರಿಯನ್ನೆಲ್ಲ ಅದು ಬಂದ ವೇಗದಲ್ಲೇ ಏರಬೇಕು. ಕಲ್ಲನ್ನು ಎಸೆದಷ್ಟು ದೂರ ಹಕ್ಕಿಯ ಪುಕ್ಕವನ್ನು ಎಸೆಯಲು ಬಾರದು, ಅಲ್ಲವೇ? ಹಾಗೆಯೇ ಅತಿ ಹಗುರ ರಾಕೆಟ್ಟನ್ನು ಗಾಳಿ ಬೇಗ ತಡೆದು ನಿಲ್ಲಿಸುತ್ತದೆ. ಒಂದೊಂದು ಮೋಟರಿಗೂ ಒಪ್ಪುವ ಒಂದು ತೂಕವಿದೆ. ಮೂತಿಯೊಳಗೆ ಅರ್ಧ ಗ್ರಾಂ ಜೇಡಿ ಇಟ್ಟು ಹಾರಿಸಿ, ತೆಗೆದು ಹಾರಿಸಿ, ಎತ್ತರ ಹೋಲಿಸಿ ನೋಡು. ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ ಇದು.

• ರಾಕೆಟ್ ನೆಟ್ಟಗೆ ಹೋಗುವುದು ಮೋಟರಿನ ಶಕ್ತಿಯಿಂದಲ್ಲ, ಎರಡು ಬಿಂದುಗಳ ಹೊಂದಾಣಿಕೆಯಿಂದ. ಒಂದು ಗುರುತ್ವಕೇಂದ್ರ: ಮೋಟರು ತುಂಬಿದ ರಾಕೆಟ್ಟನ್ನು ಬೆರಳ ಮೇಲಿಟ್ಟಾಗ ಸಮವಾಗಿ ನಿಲ್ಲುವ ಜಾಗ. ಇನ್ನೊಂದು ಒತ್ತಡಕೇಂದ್ರ: ಗಾಳಿಯ ಅಡ್ಡ ಒತ್ತಡವೆಲ್ಲ ಸೇರಿ ಕೆಲಸ ಮಾಡುವ ಜಾಗ. ಮೊದಲನೆಯದು ಎರಡನೆಯದಕ್ಕಿಂತ ಮುಂದೆ, ಮೂತಿಯ ಕಡೆಗೆ, ಕೊಳವೆಯ ಒಂದು ದಪ್ಪದಷ್ಟಾದರೂ ದೂರದಲ್ಲಿರಬೇಕು. ಮಸ್ಕೀಟೊದಲ್ಲಿ ಅದನ್ನು ಮಾಡಿಕೊಟ್ಟಿದ್ದಾರೆ. ನೀನೇ ರಾಕೆಟ್ ರೂಪಿಸಲು ಹೊರಟಾಗ ಅದರ ಅಡ್ಡನೋಟವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಆ ಕಾಗದ ಬೆರಳ ಮೇಲೆ ಸಮವಾಗಿ ನಿಂತ ಜಾಗವನ್ನು ಒತ್ತಡಕೇಂದ್ರವೆಂದು ಹಿಡಿ. ನಿಜವಾದ ಕೇಂದ್ರ ಅದಕ್ಕಿಂತ ಹಿಂದೆಯೇ ಇರುವುದರಿಂದ ಈ ಲೆಕ್ಕ ನಂಬಿ ಕೆಟ್ಟವರಿಲ್ಲ. ಆಮೇಲೆ ದಾರದ ಪರೀಕ್ಷೆ: ಗುರುತ್ವಕೇಂದ್ರಕ್ಕೆ ದಾರ ಕಟ್ಟಿ, ಟೇಪು ಹಚ್ಚಿ, ತಲೆಯ ಮೇಲೆ ಸುತ್ತಲೂ ಬೀಸು. ಮೂತಿ ಮುಂದಾಗಿ ಸುತ್ತಿದರೆ ಹಾರಿಸಬಹುದು. ಅಡ್ಡವಾಗಿಯೋ ಹಿಂದುಮುಂದಾಗಿಯೋ ಸುತ್ತಿದರೆ ಮೂತಿಗೆ ಜೇಡಿ ಸೇರಿಸು, ಇಲ್ಲವೇ ರೆಕ್ಕೆ ದೊಡ್ಡದು ಮಾಡು.

• ಇದೇ ಮಾತಿಗೆ ಇನ್ನೆರಡು ಸಂಗತಿ ಸೇರಿಸಬೇಕು. 1926ರ ಮಾರ್ಚ್ 16ರಂದು ಮ್ಯಾಸಚೂಸೆಟ್ಸ್‌ನ ಆಬರ್ನ್‌ನಲ್ಲಿ ರಾಬರ್ಟ್ ಗಾಡರ್ಡ್ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದಾಗ ಎಂಜಿನ್ನನ್ನು ತುದಿಯಲ್ಲಿಟ್ಟು, ಟ್ಯಾಂಕುಗಳನ್ನು ಕೆಳಗಿಟ್ಟಿದ್ದ. ಮೇಲಿನಿಂದ ಎಳೆದರೆ ನೆಟ್ಟಗೆ ಹೋಗುತ್ತದೆ ಎಂಬ ಲೆಕ್ಕ ಅದು. ಎರಡೂವರೆ ಸೆಕೆಂಡಿನ ಆ ಹಾರಾಟ ಚರಿತ್ರೆಯಲ್ಲಿ ಉಳಿಯಿತು, ಆದರೆ ಎಂಜಿನ್ ಮೇಲಿದ್ದ ಮಾತ್ರಕ್ಕೆ ರಾಕೆಟ್ ದಾರಿ ಹಿಡಿಯುವುದಿಲ್ಲ. ಗಾಡರ್ಡ್ ಕೂಡ ಮುಂದೆ ಎಂಜಿನ್ನನ್ನು ಕೆಳಗೆ ತಂದ. ಆ ಹಾರಾಟಕ್ಕೂ ಸುಮಾರು ಒಂದೂವರೆ ಶತಮಾನ ಹಿಂದೆ ಹೈದರಾಲಿ, ಟಿಪ್ಪು ಕಾಲದ ಮೈಸೂರಿನ ಕುಶಲಿಗಳು ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರ ಗಳ ಕಟ್ಟುತ್ತಿದ್ದರು. ಆ ಗಳ ಅಲಂಕಾರಕ್ಕಲ್ಲ. ಗಾಳಿಯ ಒತ್ತಡಕೇಂದ್ರವನ್ನು ಬಹಳ ಹಿಂದಕ್ಕೆ ಎಳೆದು ರಾಕೆಟ್ಟನ್ನು ದಾರಿಯಲ್ಲಿಡುವುದು ಅದರ ಕೆಲಸ. ನಿನ್ನ ರೆಕ್ಕೆಗಳ ಕೆಲಸವೂ ಅದೇ. ದೀಪಾವಳಿಯ ರಾಕೆಟ್ ಪಟಾಕಿಯ ಕಡ್ಡಿಯ ಕೆಲಸವೂ ಅದೇ.

• ಕೊಳವೆಯ ಮೇಲೆ ರೆಕ್ಕೆಯ ಜಾಗ ಕಣ್ಣಳತೆಯಲ್ಲಿ ಗುರುತಿಸಬೇಡ. ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಒಂದು ಸುತ್ತು ಸುತ್ತಿ ಗುರುತು ಹಾಕಿಕೋ. ಸುಮಾರು 43 ಮಿಲಿಮೀಟರ್ ಬರುತ್ತದೆ. ಅದನ್ನು ಮೂರು ಪಾಲು ಮಾಡಿದರೆ ಪ್ರತಿ ರೆಕ್ಕೆಗೂ ಹದಿನಾಲ್ಕು ಚಿಲ್ಲರೆ. ಆ ಗುರುತಿನಿಂದ ನೇರ ಗೆರೆ ಎಳೆಯಲು ಬಾಗಿಲ ಚೌಕಟ್ಟಿನ ಒಳಮೂಲೆಯಲ್ಲಿ ಕೊಳವೆ ಒತ್ತಿಟ್ಟು, ಚೌಕಟ್ಟಿನ ಅಂಚನ್ನೇ ಸ್ಕೇಲಿನಂತೆ ಬಳಸಿ ಪೆನ್ಸಿಲ್ ಓಡಿಸು. ದುಂಡು ಕೊಳವೆಯ ಮೇಲೆ ಇದಕ್ಕಿಂತ ನೇರವಾದ ಗೆರೆ ಬೇರೆ ಯಾವ ಉಪಾಯದಿಂದಲೂ ನನಗೆ ಬಂದಿಲ್ಲ.

• ಬಾಲ್ಸಾ ರೆಕ್ಕೆ ಕತ್ತರಿಸುವಾಗ ಮರದ ಎಳೆ ರೆಕ್ಕೆಯ ಮುಂದಂಚಿಗೆ ಸಮಾನಾಂತರವಾಗಿ ಓಡಬೇಕು. ಕೊಳವೆಯ ಉದ್ದಕ್ಕೆ ಎಳೆ ಬಂದರೆ ನೆಲಕ್ಕೆ ಬಿದ್ದ ಮೊದಲ ಪೆಟ್ಟಿಗೇ ಸೀಳಿಹೋಗುತ್ತದೆ. ಮುಂದಂಚು ದುಂಡಗೆ, ಹಿಂದಂಚು ತೆಳ್ಳಗೆ ಬರುವಂತೆ ನುಣ್ಣನೆಯ ಸ್ಯಾಂಡ್ ಪೇಪರಿನಲ್ಲಿ ಉಜ್ಜು. ಕೊಳವೆಗೆ ಅಂಟುವ ಅಂಚನ್ನು ಮಾತ್ರ ಉಜ್ಜಬೇಡ, ಅದು ಚಪ್ಪಟೆಯಾಗಿಯೇ ಇರಲಿ. ಬಾಲ್ಸಾ ಮುರಿದರೆ ಅಂಗಡಿಗೆ ಓಡುವುದು ಬೇಡ. ಮನೆಯಲ್ಲಿ ಊರಿಂದ ಬಂದ ಲಗ್ನಪತ್ರಿಕೆಗಳಿದ್ದರೆ ಅವುಗಳ ದಪ್ಪ ಕಾಗದವನ್ನು ಎರಡು ಪದರ ಅಂಟಿಸಿ, ಭಾರವಾದ ಪುಸ್ತಕದಡಿ ಒಂದು ರಾತ್ರಿ ಇಡು. ಇಷ್ಟು ಚಿಕ್ಕ ರಾಕೆಟ್ಟಿಗೆ ಗಟ್ಟಿ ರೆಕ್ಕೆ ಸಿಗುತ್ತದೆ.

• ಅಂಟು ಎರಡು ಸಲ. ಬಿಳಿ ಅಂಟನ್ನು (ಊರಿನಲ್ಲಾದರೆ ಫೆವಿಕಾಲ್) ರೆಕ್ಕೆಯ ಅಂಚಿಗೂ ಕೊಳವೆಯ ಗೆರೆಗೂ ತೆಳ್ಳಗೆ ಸವರಿ ಒಣಗಲು ಬಿಡು. ಆಮೇಲೆ ರೆಕ್ಕೆಗೆ ಮತ್ತೊಂದು ತೆಳುಗೆರೆ ಹಚ್ಚಿ ಜೋಡಿಸು. ಮೊದಲ ಪದರ ಕಾಗದದೊಳಗೆ ಇಳಿದಿರುವುದರಿಂದ ಎರಡನೆಯದು ಬೇಗ ಕಚ್ಚಿಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಸಂದಿಗೆ ಬೆರಳಲ್ಲಿ ಅಂಟು ಎಳೆದು ನುಣುಪು ಮಾಡು. ಅಲ್ಲಿಗೆ ನಿಲ್ಲಿಸು. ಹಿಂತುದಿಯಲ್ಲಿ ಅಂಟಿನ ಭಾರ ಹೆಚ್ಚಾದರೆ ಗುರುತ್ವಕೇಂದ್ರ ಹಿಂದಕ್ಕೆ ಜಾರುತ್ತದೆ.

• ರಾಕೆಟ್ಟನ್ನು ಹಾರಿಸುವ ಕಂಬಿಗೆ ಪೋಣಿಸುವ ಸಣ್ಣ ನಳಿಕೆಯನ್ನು ಸಸಾರ ಮಾಡಬೇಡ. ದೊಡ್ಡ ರಾಕೆಟ್ಟಿಗೆ ಅದು ಲೆಕ್ಕಕ್ಕಿಲ್ಲ, ಇಷ್ಟು ಚಿಕ್ಕದರ ಮೈಮೇಲೆ ಅದರಿಂದಾಗುವ ಗಾಳಿಯ ತಡೆ ಕಡಿಮೆಯದಲ್ಲ. ಎರಡು ತುದಿಯನ್ನೂ ಓರೆಯಾಗಿ ಕತ್ತರಿಸಿ, ರೆಕ್ಕೆಯ ಬುಡದ ಸಂದಿಯಲ್ಲಿ ಕೂರಿಸು. ಅಂಟು ಒಳಗೆ ಹೋಗದಂತೆ ನೋಡಿಕೋ. ಕಂಬಿಯ ಮೇಲೆ ರಾಕೆಟ್ ತನ್ನ ಭಾರಕ್ಕೇ ಸರಾಗವಾಗಿ ಕೆಳಗಿಳಿಯಬೇಕು.

• ಇಳಿಯುವ ವ್ಯವಸ್ಥೆಯನ್ನು ಏರುವ ವ್ಯವಸ್ಥೆಯಷ್ಟೇ ಗೌರವದಿಂದ ನೋಡು. ಮಸ್ಕೀಟೊಗೆ ಪ್ಯಾರಾಚೂಟ್ ಇಲ್ಲ. ಕೊನೆಯ ಸಿಡಿತ ಖಾಲಿ ಮೋಟರನ್ನು ಹಿಂದಕ್ಕೆ ತಳ್ಳಿ ಹೊರಹಾಕಿದ ಮೇಲೆ ಹಗುರ ಮೈ ಹೊರಳುತ್ತ ಇಳಿಯುತ್ತದೆ. ಆದ್ದರಿಂದ ಸೂಚನೆ ಪತ್ರದಲ್ಲಿ ಹೇಳಿದ್ದಕ್ಕಿಂತ ಬಿಗಿಯಾಗಿ ಮೋಟರು ಸಿಕ್ಕಿಸಬೇಡ. ಹೊರಬರದಿದ್ದರೆ ಮೂತಿ ಕೆಳಗಾಗಿ ನೇರ ನೆಲಕ್ಕೆ ಬರುತ್ತದೆ. ಮುಂದೆ ನೀನು ಇನ್ನೂ ತುಸು ಉದ್ದದ್ದು ಮಾಡುವೆಯಲ್ಲ, ಅದಕ್ಕೆ ಬಾಲಂಗೋಚಿ ಕಟ್ಟು: ಅಗಲದ ಹತ್ತರಷ್ಟು ಉದ್ದದ ತೆಳು ಪಟ್ಟಿ, ಉದಾಹರಣೆಗೆ ಎರಡೂವರೆ ಸೆಂಟಿಮೀಟರ್ ಅಗಲ, ಇಪ್ಪತ್ತೈದು ಉದ್ದ. ಬೀಸಣಿಗೆ ಮಡಿಕೆ ಹಾಕಿ ತೂರಿಸು, ಬಿಚ್ಚಿದಾಗ ಪಟಪಟ ಬಡಿದುಕೊಂಡು ನಿಧಾನ ಇಳಿಯುತ್ತದೆ. ಅದರ ಕೆಳಗೆ ಬೆಂಕಿ ಹತ್ತದಂತೆ ಸಂಸ್ಕರಿಸಿದ ಕಾಗದವನ್ನೇ ತುರುಕಬೇಕು. ಮನೆಯ ಟಿಶ್ಯೂ ಕಾಗದ ಕೆಂಡವಾಗಿ ಹುಲ್ಲಿನ ಮೇಲೆ ಬೀಳುತ್ತದೆ.

• ಬಣ್ಣ: ಹುಡುಕಲು ಸುಲಭವಾಗಲಿ. ಕಿತ್ತಳೆ, ಗುಲಾಬಿ ಒಳ್ಳೆಯದು. ಹಸಿರು, ಕಂದು ಎಷ್ಟೇ ಚೆಂದವಾದರೂ ಬೇಡ.

• ಹಾರಿಸುವ ಕಂಬಿಯ ತುದಿಗೆ ಯಾವಾಗಲೂ ಬಿರಡೆಯೋ ರಬ್ಬರೋ ಸಿಕ್ಕಿಸಿರಲಿ, ರಾಕೆಟ್ ಪೋಣಿಸುವಾಗ ಮತ್ತು ಹಾರಿಸುವಾಗ ಮಾತ್ರ ತೆಗೆ. ತಂತಿ ಜೋಡಿಸಲು ಬಗ್ಗಿದಾಗ ಕಣ್ಣಿಗೆ ಚುಚ್ಚುವುದು ಆ ತೆಳ್ಳನೆಯ ಕಂಬಿ. ಮದ್ದಿಗೆ ಹೆದರುವವರು ಕಂಬಿಯನ್ನು ಮರೆಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕಣ್ಣಿಗೆ ಕನ್ನಡಕ ಇರಲಿ, ನಿನಗೂ, ಜೊತೆಗಿದ್ದವರಿಗೂ.

• ಬತ್ತಿಗೆ ಬೆಂಕಿ ಹಚ್ಚಿ ಓಡುವ ಪದ್ಧತಿ ಇಲ್ಲಿಲ್ಲ. ಬ್ಯಾಟರಿ ಪೆಟ್ಟಿಗೆ, ತಂತಿ, ಮದ್ದು ಹೊತ್ತಿಸುವ ಇಗ್ನೈಟರ್, ಇಷ್ಟೇ. ಇಗ್ನೈಟರಿನ ತುದಿ ಮೋಟರಿನೊಳಗಿನ ಮದ್ದನ್ನು ಮುಟ್ಟಿರಬೇಕು, ಅದನ್ನು ಪ್ಲಾಸ್ಟಿಕ್ ಪ್ಲಗ್ ಬಿಗಿ ಹಿಡಿದಿರಬೇಕು. ತಂತಿಯ ತುದಿಯ ಎರಡು ಕ್ಲಿಪ್ಪುಗಳು ಒಂದಕ್ಕೊಂದಾಗಲಿ, ಕೆಳಗಿನ ಲೋಹದ ತಟ್ಟೆಗಾಗಲಿ ತಾಗಬಾರದು. ಹತ್ತದೆ ಹೋದ ರಾಕೆಟ್ಟುಗಳಲ್ಲಿ ಬಹುಪಾಲು ಇಷ್ಟರಿಂದಲೇ ಹತ್ತದೆ ಹೋಗುತ್ತವೆ. ಕ್ಲಿಪ್ಪುಗಳ ಹಲ್ಲಿನ ಮಸಿಯನ್ನು ಆಗಾಗ ಉಜ್ಜಿ ತೆಗೆ. ಪೆಟ್ಟಿಗೆಯ ಕೀಲಿ ನಿನ್ನ ಜೇಬಿನಲ್ಲಿರಲಿ, ಎಲ್ಲರೂ ಹಿಂದೆ ಸರಿದ ಮೇಲೆಯೇ ಹಾಕಬೇಕು.

• ಇಷ್ಟು ಚಿಕ್ಕ ರಾಕೆಟ್ಟಿಗೂ ನಾಲ್ಕೂವರೆ ಮೀಟರ್, ಎಂದರೆ ಹದಿನೈದು ಅಡಿ ದೂರ ನಿಲ್ಲಬೇಕು. ಐದರಿಂದ ಕೆಳಗೆ ಗಟ್ಟಿಯಾಗಿ ಎಣಿಸು. ಕನ್ನಡದಲ್ಲೇ ಎಣಿಸು, ಬೇರೆಯವರಿದ್ದರೆ ಅವರಿಗೆ ಅರ್ಥವಾಗುವಂತೆ ಇಂಗ್ಲಿಷಿನಲ್ಲೂ. ಗುಂಡಿ ಒತ್ತಿಯೂ ಹಾರದಿದ್ದರೆ ಕೀಲಿ ತೆಗೆದು ಪೂರ್ತಿ ಒಂದು ನಿಮಿಷ ಕಾಯಬೇಕು. ಗಡಿಯಾರ ನೋಡಿಕೊಂಡು ಕಾಯು. ಆಸೆಯಿಂದ ಕಾಯುವವರಿಗೆ ಇಪ್ಪತ್ತು ಸೆಕೆಂಡೇ ಒಂದು ನಿಮಿಷವಾಗಿ ತೋರುತ್ತದೆ.

• ಜಾಗ. ½ಎ ಮೋಟರಿಗೆ ಹದಿನೈದು ಮೀಟರ್ ಅಗಲದ ಬಯಲು, ಎ ಮೋಟರಿಗೆ ಮೂವತ್ತು ಮೀಟರಿನದು ಸಾಕೆಂದು ಇಲ್ಲಿನ ರಾಷ್ಟ್ರೀಯ ರಾಕೆಟ್ ಸಂಘದ ಸುರಕ್ಷತಾ ನಿಯಮ ಹೇಳುತ್ತದೆ. ಅದು ಕನಿಷ್ಠ. ರಾಕೆಟ್ ಮನೆಗೆ ಬರಬೇಕೆಂದಿದ್ದರೆ ಫುಟ್‌ಬಾಲ್ ಮೈದಾನಕ್ಕಿಂತ ಚಿಕ್ಕದಕ್ಕೆ ಹೋಗಬೇಡ. ಹುಲ್ಲು ಕತ್ತರಿಸಿದ್ದಿರಲಿ. ಬೆಳಗಿನ ಹೊತ್ತು ಗಾಳಿ ಕಡಿಮೆ. ಗಾಳಿ ಗಂಟೆಗೆ 32 ಕಿಲೋಮೀಟರ್ ಮೀರಿದರೆ ನಿಯಮದ ಪ್ರಕಾರವೇ ಹಾರಿಸುವಂತಿಲ್ಲ, ಆದರೆ ಮಸ್ಕೀಟೊಗೆ ನಾನು ಅದರ ಅರ್ಧಕ್ಕೇ ಬೇಡ ಎನ್ನುತ್ತೇನೆ. ನಮ್ಮ ಕಡೆ ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿ ನಿಷೇಧ ಹಾಕಿರುತ್ತಾರೆ. ಆಗ ಪೆಟ್ಟಿಗೆ ಮುಟ್ಟಲೇಬೇಡ. ನಿಷೇಧ ಇಲ್ಲದಾಗಲೂ ಕಂಬಿಯ ಸುತ್ತಲಿನ ಒಣಹುಲ್ಲು ಕಿತ್ತು, ಪಕ್ಕದಲ್ಲಿ ಒಂದು ಬಕೆಟ್ ನೀರಿಡು. ಕರೆಂಟಿನ ತಂತಿಗೆ ಸಿಕ್ಕಿಕೊಂಡ ರಾಕೆಟ್ಟನ್ನು ಬಿಟ್ಟುಬಿಡಬೇಕು. ಕೋಲಿನಿಂದಲೂ ಮುಟ್ಟಬಾರದು. ಇನ್ನೊಂದು ಮಾಡಿದರಾಯಿತು.

• ಹುಡುಕುವ ವಿದ್ಯೆ. ರಾಕೆಟ್ ಬೀಳುವುದನ್ನು ಕಂಡ ಕೂಡಲೇ ಓಡಬೇಡ. ನಿಂತಲ್ಲೇ ನಿಂತು, ಅದು ಬಿದ್ದ ದಿಕ್ಕಿನಲ್ಲಿ ದೂರದ ಮರವನ್ನೋ ಕಂಬವನ್ನೋ ಗುರುತು ಹಿಡಿ. ಅಪ್ಪ ಇನ್ನೊಂದು ಮೂಲೆಯಲ್ಲಿ ನಿಂತು ಅವನ ಗುರುತು ಹಿಡಿಯಲಿ. ಇಬ್ಬರೂ ನಿಮ್ಮ ನಿಮ್ಮ ಗುರುತಿನ ಕಡೆ ನೇರ ನಡೆಯಿರಿ. ದಾರಿಗಳು ಕೂಡುವಲ್ಲಿ ಕೆಳಗೆ ನೋಡಿ. ಒಬ್ಬರೇ ಇದ್ದರೆ ದಿಕ್ಕು ಗೊತ್ತಾಗುತ್ತದೆ, ದೂರ ಗೊತ್ತಾಗುವುದಿಲ್ಲ. ಸೂರ್ಯ ಬೆನ್ನಿಗಿರುವಂತೆ ನಿಲ್ಲುವುದನ್ನು ಹಾರಿಸುವ ಮೊದಲೇ ಯೋಚಿಸಬೇಕು.

• ಎತ್ತರ ಅಳೆಯದೆ ಹಾರಿಸಿದರೆ ಅರ್ಧ ಸುಖ ಹೋಯಿತು. ಕಂಪಾಸ್ ಬಾಕ್ಸಿನ ಕೋನಮಾಪಕದ ನಡುವೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ತೂಗುಬಿಡು. ಕಂಬಿಯಿಂದ 50 ಮೀಟರ್ ದೂರ ನಿಂತು, ಕೋನಮಾಪಕದ ನೇರ ಅಂಚಿನಗುಂಟ ರಾಕೆಟ್ ಏರಿದ ತುತ್ತತುದಿಯನ್ನು ನೋಡಿ ದಾರವನ್ನು ಬೆರಳಲ್ಲಿ ಒತ್ತಿಹಿಡಿ. ಅಂಚು ಮಟ್ಟವಾಗಿದ್ದಾಗ ದಾರ ನಿಲ್ಲುವ ಗುರುತಿನಿಂದ ಈಗ ಎಷ್ಟು ಸರಿದಿದೆಯೋ ಅದೇ ಕೋನ. ಅದು 45 ಡಿಗ್ರಿ ಆದರೆ ಎತ್ತರವೂ 50 ಮೀಟರ್. 60 ಆದರೆ 50ನ್ನು 1.73ರಿಂದ ಗುಣಿಸು, ಸುಮಾರು 87 ಮೀಟರ್. ಕೊನೆಗೆ ನಿನ್ನ ಕಣ್ಣಿನ ಎತ್ತರ ಕೂಡಿಸು. ಟ್ಯಾಂಜೆಂಟ್ ಎಂದರೆ ಏನು ಎಂಬುದನ್ನು ನಿಮ್ಮಮ್ಮ ಶಾಲೆಯಲ್ಲಿ ಓದುವ ಮೊದಲೇ ಮೈದಾನದಲ್ಲಿ ಹೀಗೆ ಕಲಿತಳು.

• ಮೋಟರುಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡ. ಒತ್ತಿ ತುಂಬಿದ ಕರಿಮದ್ದು ಸೆಕೆಗೆ ಹಿಗ್ಗಿ, ತಣ್ಣಗಾದಾಗ ಕುಗ್ಗಿ ಸೀಳು ಬಿಡುತ್ತದೆ. ಸೀಳು ಬಿಟ್ಟ ಮೋಟರು ಹೊತ್ತಿದ ಕ್ಷಣ ಸಿಡಿಯಬಹುದು. ಕೆಳಗೆ ಬಿದ್ದ ಮೋಟರೂ ಅಷ್ಟೇ, ಬಳಸಬೇಡ.

• ಬೇಸಿಗೆ ರಜೆಗೆ ಊರಿಗೆ ಹೋಗುವಾಗ ತಮ್ಮನಿಗೆ ಅಂತ ಒಂದು ಮೋಟರನ್ನೂ ಸೂಟ್‌ಕೇಸಿಗೆ ಹಾಕಕೂಡದು. ಕೈಚೀಲದಲ್ಲೂ ಇಲ್ಲ, ಕೆಳಗೆ ಹಾಕುವ ಸಾಮಾನಿನಲ್ಲೂ ಇಲ್ಲ, ವಿಮಾನದಲ್ಲಿ ಎರಡೂ ನಿಷಿದ್ಧ. ಭಾರತದಲ್ಲಿ ಮದ್ದಿನ ವಸ್ತುಗಳಿಗೆ ಪ್ರತ್ಯೇಕ ಕಾನೂನೂ ಪರವಾನಗಿಯೂ ಇವೆ.

• ಹೊಸನಗರದಲ್ಲಿರುವ ಆ ತಮ್ಮನಿಗೆ ನಿರಾಸೆ ಮಾಡಬೇಕಾಗಿಲ್ಲ. ಅವನ ಊರಿನ ಪಕ್ಕದ ನಗರ ಗ್ರಾಮದ ಹಳೆ ಬಾವಿಯೊಂದರ ಕೆಸರಿನಲ್ಲೇ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು. ಅಂಥ ಊರಿನ ಹುಡುಗ ಮದ್ದಿಲ್ಲದೆಯೂ ರಾಕೆಟ್ ಹಾರಿಸಬಹುದು. ಎರಡು ಲೀಟರಿನ ಖಾಲಿ ಕೂಲ್‌ಡ್ರಿಂಕ್ ಬಾಟಲಿ, ಅದರ ಬಾಯಿಗೆ ಗಾಳಿ ಸೋರದಂತೆ ಟೇಪು ಸುತ್ತಿ ಕೂರಿಸಿದ ಅರ್ಧ ಇಂಚಿನ ಪಿವಿಸಿ ಪೈಪು, ಪೈಪಿನ ಇನ್ನೊಂದು ತುದಿ ಮೇಲ್ಮುಖ. ಅದೇ ಪೈಪಿನ ಮೇಲೆ ತುಸು ಸಡಿಲವಾಗಿ ಸುತ್ತಿದ ಕಾಗದದ ಕೊಳವೆಯೇ ರಾಕೆಟ್. ಮೂತಿಗೆ ಜೇಡಿ ಇಟ್ಟು ಟೇಪಿನಿಂದ ಮುಚ್ಚಿ, ಹಿಂದೆ ಮೂರು ರೆಕ್ಕೆ ಅಂಟಿಸಬೇಕು. ಬಾಟಲಿಯ ಮೇಲೆ ಜಿಗಿದರೆ ಗಾಳಿಯ ಒತ್ತಡಕ್ಕೆ ಚಿಮ್ಮುತ್ತದೆ. ಗುರುತ್ವಕೇಂದ್ರ, ಒತ್ತಡಕೇಂದ್ರ, ದಾರದ ಪರೀಕ್ಷೆ, ಕೋನಮಾಪಕ ಎಲ್ಲವೂ ಅಲ್ಲಿಯೂ ಹಾಗೆಯೇ ನಡೆಯುತ್ತವೆ. ಯಾರಾದರೂ ಬಾಟಲಿಯ ಹತ್ತಿರ ನಿಂತಿರುವಾಗ ಪೈಪಿನ ಬಾಯಿಯ ಮೇಲೆ ಮುಖ ತರಬಾರದು ಎಂಬುದನ್ನು ಅವನಿಗೆ ನೀನೇ ಹೇಳು. ತುಂಬಾ ಎಂಬ ಉಡಾವಣಾ ನೆಲೆಯಲ್ಲಿ 1967ರಲ್ಲಿ ಹಾರಿದ, ನಮ್ಮವರೇ ಕಟ್ಟಿದ ಮೊದಲ ರಾಕೆಟ್ಟಿನ ದಪ್ಪ ಎಪ್ಪತ್ತೈದೇ ಮಿಲಿಮೀಟರ್ ಎಂದೂ ಹೇಳು.

• ಜಜ್ಜಿದ ಬಾಟಲಿಯನ್ನು ಎಸೆಯಬೇಕಾಗಿಲ್ಲ. ಪೈಪಿನ ಬಾಯಿಗೆ ಮುಷ್ಟಿ ಕಟ್ಟಿ, ಮುಷ್ಟಿಯ ಮೂಲಕ ಊದಿದರೆ ಮತ್ತೆ ಉಬ್ಬುತ್ತದೆ. ಬಾಯಿಯನ್ನು ನೇರ ಪೈಪಿಗೆ ಹಚ್ಚುವುದು ಬೇಡ.

• ಮಸ್ಕೀಟೊದ ರೆಕ್ಕೆಗಳನ್ನು ಅಂಟಿಸುವ ಮೊದಲು ಅವುಗಳ ಅಚ್ಚನ್ನು ಕಾಗದದ ಮೇಲೆ ಬರೆದಿಟ್ಟುಕೋ. ಎರಡನೆಯದನ್ನು ಕಟ್ಟುವಾಗ ಬೇಕಾಗುತ್ತದೆ.